‘ನೋಡೋಣ’ ಅಂದ ತಪ್ಪಿಗೆ ಶನಿವಾರದ ಮೇಷ್ಟ್ರು

ಯಾರಿಗಾದರೂ ಉಪಕಾರ ಮಾಡಲು ಹೋದಾಗಲೆಲ್ಲ ನನಗೆ ಇಂಥದ್ದೇನಾದರೂ ಆಗದೆ ಇರುವುದಿಲ್ಲ. ಈಗ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಆಕಳಿಕೆ ಮಾತ್ರ.

ಶುರುವಾದದ್ದು

ಎರಡು ಸಾವಿರದ ಐದಾರನೇ ಇಸವಿಯ ಮಾತು. ಆಕ್ಲೆಂಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಬಾಟನಿ ಡೌನ್ಸ್‌ನಲ್ಲಿ ಬಾಡಿಗೆ ಮನೆ. ಚಿಲಿ, ಕೊಲಂಬಿಯಾ ಕಡೆಯಿಂದ ಬಂದು ನೆಲೆಸಿದ ಸ್ಪ್ಯಾನಿಶ್ ಮಾತಾಡುವ ಕುಟುಂಬಗಳ ಮಕ್ಕಳು ಕಂಪ್ಯೂಟರ್ ಕಡೆ ಬರುತ್ತಲೇ ಇಲ್ಲ ಎಂದು ನಮ್ಮ ಮ್ಯಾನೇಜರನಿಗೆ ಯಾರೋ ಹೇಳಿದ್ದರು. ತಕಾನಿನಿಯ ಒಂದು ಹಾಲ್‌ನಲ್ಲಿ ಶನಿವಾರ ಶನಿವಾರ ಕೋಡಿಂಗ್ ಕಲಿಸುತ್ತೀಯಾ ಎಂದು ನನ್ನನ್ನು ಕೇಳಿದ.

“ನೋಡೋಣ” ಅಂದೆ.

ಮೈಸೂರಿನಲ್ಲಿ ‘ನೋಡೋಣ’ ಅಂದರೆ ಆಗುವುದಿಲ್ಲ ಎಂದು ಹಸುಗೂಸಿಗೂ ಗೊತ್ತು. ಎದುರಿಗಿರುವವರ ಮುಖಕ್ಕೆ ‘ಇಲ್ಲ’ ಎಂದು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ. ಆದರೆ ನ್ಯೂಜಿಲೆಂಡಿನವರಿಗೆ ಆ ಮರ್ಯಾದೆಯೆಲ್ಲ ತಿಳಿಯದು. ಮರುದಿನ ಹಾಲ್‌ನ ಬೀಗದ ಕೈ ನನ್ನ ಮೇಜಿನ ಮೇಲಿತ್ತು.

ಮೊದಲ ಶನಿವಾರ

ಕ್ಲಾಸು ಹತ್ತಕ್ಕೆ. ಮಕ್ಕಳು ಬಂದದ್ದು ಹತ್ತೂ ಮುಕ್ಕಾಲಿಗೆ, ತಾಯಂದಿರ ಸಮೇತ. ಅವರಲ್ಲಿ ಒಳಗೆ ಬಂದವರು ಇದ್ದವರಿಗೆಲ್ಲ ಒಬ್ಬೊಬ್ಬರಿಗೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಡಬೇಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ಇನ್ನೊಂದು ಕುಟುಂಬ ಬಾಗಿಲಲ್ಲಿ. ಒಬ್ಬೊಬ್ಬರೇ ನನ್ನ ಕಡೆಗೂ ಬರತೊಡಗಿದರು. ಗಟ್ಟಿಯಾಗಿ ಎರಡೂ ಕೈ ಮುಗಿದು ನಿಂತುಬಿಟ್ಟೆ.

ಅದನ್ನು ಪ್ರಾರ್ಥನೆ ಅಂದುಕೊಂಡು ಅಷ್ಟೂ ಜನ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ನಡುವೆ ಹೇಗೆ ನಿಲ್ಲಿಸುವುದೋ ತಿಳಿಯದೆ ನಾನೂ ಮುಚ್ಚಿದೆ. ವಾರವೆಲ್ಲ ಸರಿಯಾಗಿ ನಿದ್ದೆ ಕಾಣದ ಕಣ್ಣು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಂದು ಭುಜ ಅಲ್ಲಾಡಿಸಿದಾಗಲೇ ಎಚ್ಚರವಾದದ್ದು. ಇಷ್ಟು ಹೊತ್ತು ಭಕ್ತಿಯಿಂದ ಪ್ರಾರ್ಥಿಸುವ ಮೇಷ್ಟ್ರನ್ನು ತಾವು ನೋಡಿಯೇ ಇರಲಿಲ್ಲ ಎಂದು ತಾಯಂದಿರು ಮೆಚ್ಚಿದರು. ಅಂದಿನಿಂದ ನಮ್ಮ ಕೋಡಿಂಗ್ ಕ್ಲಾಸು ಪ್ರತಿ ವಾರವೂ ಪ್ರಾರ್ಥನೆಯಿಂದಲೇ ಶುರು.

ವಯಸ್ಸು

ಭುಜ ಅಲ್ಲಾಡಿಸಿದ ಆ ಹುಡುಗಿಗೆ ಹದಿನೇಳು ವರ್ಷ. ಅವಳ ತಾಯಿಗೆ ಬಟ್ಟೆ ಆಲ್ಟರ್ ಮಾಡುವ ಪುಟ್ಟ ಅಂಗಡಿ ಇತ್ತು. ಯಾರ ಪ್ಯಾಂಟು, ಎಷ್ಟು ಇಂಚು ಮೋಟು ಮಾಡಬೇಕು, ಯಾವತ್ತು ಕೊಡಬೇಕು ಎಂದೆಲ್ಲ ತೋರಿಸುವ ಪ್ರೋಗ್ರಾಮನ್ನು ಎರಡೇ ತಿಂಗಳಲ್ಲಿ ತಾನಾಗಿ ಬರೆದಿದ್ದಳು. ನಾನು ಕಲಿಸಿದ್ದು ಅದರ ಅರ್ಧವೂ ಇಲ್ಲ. ನಿಜ ಹೇಳಬೇಕೆಂದರೆ ಅವಳಿಗಾಗಿಯೇ ನಾನು ಶನಿವಾರ ಹಾಸಿಗೆ ಬಿಟ್ಟು ಏಳುತ್ತಿದ್ದೆ. ಅವಳಿಗೆ ಕಂಪ್ಯೂಟರ್ ಕೋರ್ಸ್ ಸೇರುವ ಆಸೆ. ಅರ್ಜಿಗೆ ತಾಯಿಯ ಸಹಿ ಬೇಕು. ತಾಯಿಗೆ ಮಗಳು ನರ್ಸ್ ಆಗಬೇಕು.

ಹುರಿದುಂಬಿಸೋಣ ಎಂದು ತಾಯಿಯನ್ನು ಕರೆಸಿದೆ. ಆಕೆ ಸ್ಪ್ಯಾನಿಶ್‌ನಲ್ಲಿ ಕೇಳುವುದು, ಹುಡುಗಿ ಇಂಗ್ಲಿಷಿಗೆ ತಿರುಗಿಸುವುದು.

“ಈ ಕೆಲಸದಲ್ಲಿ ಎಷ್ಟು ವರ್ಷ?”

“ಹನ್ನೊಂದು.”

“ವಯಸ್ಸು?”

“ಮೂವತ್ನಾಲ್ಕು.”

ತಾಯಿ ನನ್ನ ಮುಖವನ್ನು ತುಂಬ ಹೊತ್ತು ನೋಡಿ ಏನೋ ಹೇಳಿದಳು. ಹುಡುಗಿ ತಲೆ ತಗ್ಗಿಸಿದಳು.

“ಪರವಾಗಿಲ್ಲ, ಹೇಳಮ್ಮ.”

“ಐವತ್ತು ಅಂದ್ಕೊಂಡಿದ್ರಂತೆ, ಅಂಕಲ್. ನಮ್ಮ ಅಂಗಡಿಗೆ ಬರ್ತಾರಲ್ಲ ನಿಮ್ಮ ಹೆಂಡತಿ, ಅವರು ನರ್ಸ್ ಅಲ್ವಾ, ಅವರು ಯಾವಾಗಲೂ ನಗ್ತಾ ಇರ್ತಾರೆ. ನಿಮ್ಮಿಬ್ಬರನ್ನೂ ನೋಡಿದ ಮೇಲೆ ಇನ್ನು ಯೋಚನೆ ಮಾಡೋಕೆ ಏನಿದೆ ಅಂತಾರೆ.”

ಕನ್ನಡಿ

ಮನೆಯಲ್ಲಿ ಹೇಳಿದರೆ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಗಂಭೀರವಾದಳು.

“ನೋಡ್ರೀ, ನಿಮ್ಮ ಮುಖದಿಂದ ಆ ಹುಡುಗಿ ಜೀವನ ಹಾಳಾಗಬಾರದು. ಬರೋ ಶನಿವಾರವೇ ಕೊನೇ ಕ್ಲಾಸು. ಶೇವ್ ಮಾಡ್ಕೊಂಡು, ಆ ನೀಲಿ ಶರ್ಟ್ ಹಾಕ್ಕೊಂಡು ಹೋಗಿ. ಸ್ವಲ್ಪ ನಗ್ರೀ.”

ವಾರವಿಡೀ ಕನ್ನಡಿಯ ಮುಂದೆ ನಗು ಅಭ್ಯಾಸ ಮಾಡಿದೆ. ಗುರುವಾರ ಐದು ವರ್ಷದ ಮಗಳು ಬಾತ್‌ರೂಮಿನೊಳಗೆ ಇಣುಕಿ, ಅಡುಗೆಮನೆಗೆ ಓಡಿದಳು. “ಅಮ್ಮಾ, ಡ್ಯಾಡ್ ಈಸ್ ಕ್ರೈಯಿಂಗ್.”

ಕೊನೆಯ ಶನಿವಾರ

ಕೊನೆಯ ದಿನ ತಾಯಂದಿರು ಊಟ ತಂದಿದ್ದರು. ಹುಡುಗಿಯ ತಾಯಿ ನನಗಾಗಿ ಮಾಂಸ ಹಾಕದೆ, ಜೋಳ ಚೀಸ್ ತುಂಬಿದ ಕರಿಗಡುಬಿನಂಥದ್ದನ್ನು ಬೇರೆಯೇ ಮಾಡಿ ತಂದಿದ್ದಳು. ಅರ್ಜಿ ಹುಡುಗಿಯ ಕೈಯಲ್ಲಿ. ನೀಲಿ ಶರ್ಟಿನಲ್ಲಿ, ಹಲ್ಲು ಬಿಟ್ಟುಕೊಂಡೇ ಎದ್ದು ನಿಂತು ಶುರು ಮಾಡಿದೆ.

“ಈ ಕೆಲಸದಲ್ಲಿ ಬಹಳ ನೆಮ್ಮದಿ ಇದೆ. ಶನಿವಾರ, ಭಾನುವಾರ ಪೂರ್ತಿ ನಮ್ಮದು.”

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮ್ಯಾನೇಜರ್. ಒಂದು ಸಣ್ಣ ಕೆಲಸ, ಇವತ್ತೇ ಬಂದು ಮುಗಿಸಿಕೊಡಲು ಆಗುತ್ತದಾ?

“ನೋಡೋಣ” ಅಂದೆ.

ಎರಡನೇ ಸಲ ಬಂತು. ಮತ್ತೆ “ನೋಡೋಣ”. ಮೂರನೇ ಸಲ ಬಂದಾಗ ನಾನು ಕಡುಬು ತಟ್ಟೆಯಲ್ಲಿಟ್ಟು ಕಾರಿನ ಕೀ ಹುಡುಕುತ್ತಿದ್ದೆ. ಹುಡುಗಿಯ ತಾಯಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು.

“ಅವನು ಊಟ ಮಾಡ್ತಿದ್ದಾನೆ. ಇಲ್ಲ. ಇಲ್ಲ. ಸೋಮವಾರ.”

ಫೋನಿಟ್ಟಳು. ನನ್ನ ಕೆಲಸ ಹೋಯಿತು, ಹುಡುಗಿಯ ಕೋರ್ಸೂ ಹೋಯಿತು ಅಂದುಕೊಂಡು ಕುರ್ಚಿಯಲ್ಲಿ ಕುಸಿದೆ.

“ಏನಂದ?” ಎಂದು ಕೇಳಿದೆ.

“ಸಾರಿ ಅಂದ.”

ಹನ್ನೊಂದು ವರ್ಷದಲ್ಲಿ ಯಾವ ಮ್ಯಾನೇಜರೂ ನನಗೆ ಹೇಳಿರದ ಮಾತು ಅದು.

ಆಮೇಲೆ ಆಕೆ ಸ್ಪ್ಯಾನಿಶ್‌ನಲ್ಲಿ ಉದ್ದಕ್ಕೆ ಮಾತಾಡಿದಳು. ಹುಡುಗಿ ಈ ಸಲ ತಲೆ ಎತ್ತಿಯೇ ಹೇಳಿದಳು.

“ಅಂಕಲ್, ನಿಮ್ಮ ಮುಖ ಹಾಳಾಗಿರೋದು ಕಂಪ್ಯೂಟರಿನಿಂದ ಅಲ್ಲವಂತೆ. ಇಲ್ಲ ಅನ್ನೋಕೆ ಬಾರದೆ ಇರೋದ್ರಿಂದ ಅಂತೆ. ನನ್ನ ವಿಷಯದಲ್ಲಿ ಅಮ್ಮನಿಗೆ ಆ ಭಯ ಇಲ್ವಂತೆ, ಹದಿನೇಳು ವರ್ಷದಿಂದ ನಾನು ಅವರಿಗೆ ‘ಇಲ್ಲ’ ಅಂತಲೇ ಹೇಳ್ತಾ ಇದ್ದೀನಂತೆ. ಪೆನ್ನು ಕೊಡಬೇಕಂತೆ.”

ಕೊಟ್ಟೆ. ಸಹಿ ಬಿತ್ತು. ನನಗೆ ಕಣ್ಣು ತುಂಬಿ ಬಂತು. ನಗು ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

“ಮುಂದಿನ ವರ್ಷ ತಾಯಂದಿರ ಹತ್ತಿರ ನಾನೇ ಮಾತಾಡ್ತೀನಿ. ನೀನು ಬಾಯಿ ಬಿಡಬೇಡ, ಪಾಠ ಮಾತ್ರ ಮಾಡು. ಬರ್ತೀಯ ತಾನೇ?” ಎಂದಳು ಆಕೆ.

ಇಲ್ಲ ಅನ್ನುವುದು ಹೇಗೆಂದು ಈಗಷ್ಟೇ ಕಣ್ಣಾರೆ ಕಂಡಿದ್ದೆ. ಧೈರ್ಯ ತಂದುಕೊಂಡು, ಉಸಿರು ಎಳೆದುಕೊಂಡು ಬಾಯಿ ತೆರೆದೆ.

“ನೋಡೋಣ” ಅಂದೆ.

ಆಕೆ ಪೆನ್ನಿನ ಮುಚ್ಚಳ ತೆಗೆದು ನನ್ನ ಹೆಸರು ಬರೆದುಕೊಂಡಳು.