ಅರವತ್ತು ಪ್ರಶ್ನೆ, ಮೂರು ಡಬ್ಬ

"ಮೂವತ್ತೊಂದನೆಯದು ನಟ್ಟು" ಎಂದು ಗೊಣಗಿ ಉಗ್ರಾಣದ ಗುಮಾಸ್ತ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ 'ನ' ಬರೆದ. ಪಕ್ಕದ ಬೆಂಚಿನ ಟೈಪಿಸ್ಟು ಅವನತ್ತ ತಿರುಗಿ ನೋಡಿದಳು.

ಹೀಗೆ ಗುರುತು ಹಾಕುವ ಉಪದೇಶ ಭಾವಮೈದುನನದು. ಇದೇ ಬಡ್ತಿ ಪರೀಕ್ಷೆಯಲ್ಲಿ ನಾಲ್ಕು ಸಲ ಡುಮ್ಕಿ ಹೊಡೆದು, ಆ ಅನುಭವದ ಬಲದಲ್ಲಿ ಕಂಡಕಂಡವರಿಗೆ ಪಾಠ ಹೇಳುವ ಆಸಾಮಿ. ಬೆಳಿಗ್ಗೆ ಗುಮಾಸ್ತ ಷೂ ಲೇಸು ಕಟ್ಟುವಾಗಲೂ ಬಿಟ್ಟಿರಲಿಲ್ಲ. "ತರ್ಕದ ಪ್ರಶ್ನೆ ನೋಡಿದ ತಕ್ಷಣ ಉತ್ತರ ಹುಡುಕ್ಬೇಡಿ ಭಾವ. ಮೊದ್ಲು ಯಾವ ಬಗೆ ಅಂತ ಗುರುತಿಸಿ. ಉತ್ತರ ತಾನಾಗೇ ಬರುತ್ತೆ."

ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಬಿಡಿಭಾಗಗಳನ್ನು ಡಬ್ಬಕ್ಕೆ ವಿಂಗಡಿಸಿದವನಿಗೆ ಇದು ನೀರು ಕುಡಿದಷ್ಟು ಸಲೀಸು. ಹೇಳಿದ ಮಾತಿನಿಂದ ಏನು ಹೊರಡುತ್ತದೆ ಎಂದು ಕೇಳಿದರೆ ತೀರ್ಮಾನ, ಅಂದರೆ ಬೋಲ್ಟು. ಹೇಳದೆ ಏನನ್ನು ನಂಬಿಕೊಂಡಿದ್ದಾರೆ ಎಂದರೆ ಊಹೆ, ನಟ್ಟು. ವಾದ ಎಲ್ಲಿ ಸಡಿಲ ಎಂದರೆ ದೋಷ, ವಾಷರು. 'ಛತ್ರಿ ತಂದ ಯಾವ ದಿನವೂ ಮಳೆ ಬರಲಿಲ್ಲ. ಆದ್ದರಿಂದ ಛತ್ರಿ ಮಳೆಯನ್ನು ತಡೆಯುತ್ತದೆ. ತಪ್ಪೆಲ್ಲಿ?' ಅಪ್ಪಟ ವಾಷರು.

ಪಾಸಾದರೆ ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು. ಆ ಕಿಟಕಿಗೆ ಹೆಂಡತಿ ಆಗಲೇ ಪರದೆ ಹೊಲಿದಿಟ್ಟಿದ್ದಳು.

ನಲವತ್ತೆಂಟನೆಯದು ಕೈಕೊಟ್ಟಿತು. ನೋಡಲು ನಟ್ಟು, ತಿರುಗಿಸಿದರೆ ಬೋಲ್ಟು. ಅದಕ್ಕೇ ಹತ್ತು ನಿಮಿಷ ಹೋಯಿತು. ಟೈಪಿಸ್ಟು ಪಿಸುಗುಟ್ಟಿ, ಉತ್ತರ ಬರೆಯಿರಿ ಎಂದಳು. ಇವಳಿಗೆ ನಕಲು ಹೊಡೆಯುವ ಆಸೆ ಎಂದುಕೊಂಡು ಅವನು ಮೊಣಕೈ ಅಡ್ಡ ಇಟ್ಟ.

ಗಂಟೆ ಹೊಡೆದಾಗ ಅರವತ್ತೂ ಪ್ರಶ್ನೆಗಳು ಡಬ್ಬ ಸೇರಿದ್ದವು. ಉತ್ತರದ ಹಾಳೆ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಸಂಜೆ ಮೂರನೇ ಮಹಡಿಯಿಂದ ಕರೆ ಬಂತು. ಗೇಟಿನಲ್ಲಿ ಕಾಯುತ್ತಿದ್ದ ಭಾವಮೈದುನ, ಕರೆದರು ಎಂದರೆ ಪಾಸು ಎಂದೇ ಲೆಕ್ಕ ಎಂದು ಬೆನ್ನು ತಟ್ಟಿ ಕಳಿಸಿದ.

ದೊಡ್ಡ ಸಾಹೇಬರು ಅವನ ಕಾಗದಗಳನ್ನು ಮುಂದೆ ಹರಡಿಕೊಂಡು ಕೂತಿದ್ದರು. ಉತ್ತರಕ್ಕೆ ಸೊನ್ನೆ, ಅಂಚಿನಲ್ಲಿ ಮಾಡಿದ ವಿಂಗಡಣೆಗೆ ಅರವತ್ತಕ್ಕೆ ಅರವತ್ತು ಎಂದರು. ಬಗೆ ಗುರುತಿಸುವುದರಲ್ಲಿ ಪ್ರಶ್ನೆ ಬರೆದವರೇ ನಾಲ್ಕು ಕಡೆ ಎಡವಿದ್ದರಂತೆ. ಇಲಾಖೆಯಲ್ಲಿ ಒಂಬತ್ತು ಸಾವಿರ ಪ್ರಶ್ನೆಗಳು ರಾಶಿ ಬಿದ್ದಿವೆ, ಅವನ್ನು ಬಗೆಬಗೆಯಾಗಿ ಜೋಡಿಸಲು ಇಂಥವರೇ ಬೇಕಂತೆ. ಕೋಣೆ ನೆಲಮಾಳಿಗೆಯಲ್ಲೇ, ಉಗ್ರಾಣದ ಪಕ್ಕ. ಸಂಬಳ ಇದ್ದಷ್ಟೇ. ನಿಯಮ ಒಂದೇ: ಆ ಪ್ರಶ್ನೆಗಳನ್ನು ನೋಡಿದವರು ಜನ್ಮದಲ್ಲಿ ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ.

ಗುಮಾಸ್ತ ಅವರ ಹಿಂದಿನ ಕಿಟಕಿಯನ್ನು ನೋಡುತ್ತಿದ್ದ. ಅದಕ್ಕೆ ಪರದೆ ಇರಲಿಲ್ಲ.

"ಈ ಕೆಲಸ ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ" ಎಂದರು ಸಾಹೇಬರು. "ಆದ್ದರಿಂದ ನಿಮಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಏನಂತೀರಿ?"

ಗುಮಾಸ್ತ ಅಭ್ಯಾಸಬಲದಿಂದ ಆ ಮಾತನ್ನು ಒಮ್ಮೆ ತಿರುಗಿಸಿ ನೋಡಿದ.

"ವಾಷರು ಸಾರ್."

"ಅಂದ್ರೆ?"

"ಅಂದ್ರೆ, ಬೇಡ."