ಸಣ್ಣ ಯಜಮಾನರ ‘ಸೋ’

ಕಾಫಿಯ ವಾಸನೆ ಹಿಡಿದು ಅಡುಗೆಮನೆಗೆ ಹೋಗದಿದ್ದರೆ ನಾಗಲಿಂಗಯ್ಯನವರಿಗೆ ಈ ಗತಿ ಬರುತ್ತಿರಲಿಲ್ಲ. ಅವರ ಹೊಸ ಮನೆಯ ಅಡುಗೆಮನೆಯಲ್ಲಿ ಒಲೆ ಉರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಫೋನಿಗೆ ಮಾತ್ರ ಸಿಗ್ನಲ್ ಸಿಗುವುದಿಲ್ಲ. ಇದು ಗೊತ್ತಿದ್ದೂ ಪುಣ್ಯಾತ್ಮ ಫೋನನ್ನು ಕಿವಿಗಿಟ್ಟುಕೊಂಡೇ ಒಳಗೆ ಕಾಲಿಟ್ಟರು.

ಆ ಕಡೆ ಮಾತಾಡುತ್ತಿದ್ದವರು ಶಿರಾದ ಸಣ್ಣ ಯಜಮಾನರು, ಗೌರೀಶ್. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂದು ನಾಲ್ಕು ಊರಲ್ಲಿ ಬೀಜ-ಗೊಬ್ಬರದ ಅಂಗಡಿ ತೆಗೆದಿದ್ದ ದೊಡ್ಡ ಯಜಮಾನರು ಸಾಕೆಂದು ಮನೆಯಲ್ಲಿ ಕೂತ ಮೇಲೆ ಪಟ್ಟಕ್ಕೆ ಬಂದ ಮಗ. ಮಾತಿಗೊಂದು ಇಂಗ್ಲಿಷು.

“ನಾಗಲಿಂಗಯ್ಯನೋರೇ, ಪಾವಗಡದ ಅಂಗಡೀಲಿ ಜನ ಇಲ್ಲ. ಮಧುಗಿರೀಲಿ ಒಬ್ರು ಜಾಸ್ತಿ ಇದೀರಿ. ನೀವು ಹಳಬರು. ಸೋ...”

ಅಷ್ಟೇ. ಫೋನು ಸತ್ತಿತು. ಅಂಗಳಕ್ಕೆ ಓಡಿ ತಿರುಗಿ ಮಾಡಿದರೆ ಯಜಮಾನರು ಎತ್ತಲಿಲ್ಲ. ‘ಮೀಟಿಂಗಲ್ಲಿದ್ದೇನೆ, ಸಂಜೆ ಮಾಡ್ತೀನಿ’ ಎಂದು ಮೆಸೇಜು ಬಂತು.

“ಏನಂದ್ರು?” ಹೆಂಡತಿ ಸಿದ್ದಗಂಗಮ್ಮ ಕಾಫಿ ಲೋಟ ಹಿಡಿದು ಬಂದರು.

“ಸೋ ಅಂದ್ರು.”

“ಆಮೇಲೆ?”

“ಆಮೇಲೆ ಏನೂ ಇಲ್ಲ ಕಣೇ. ಸೋ ಅಂದ್ರು, ಕಟ್ಟಾಯ್ತು.”

ಸಿದ್ದಗಂಗಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಜ ಹೇಳಿ. ಅಂಗಡೀಲಿ ನೀವೇನ್ ಮಾಡ್ಕೊಂಡ್ರಿ?”

ನಾಗಲಿಂಗಯ್ಯ ಏನೂ ಮಾಡಿಕೊಂಡಿರಲಿಲ್ಲ. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿ ತೇಯ್ದು, ಕೊನೆಗೂ ಮಧುಗಿರಿಯ ಕೊರಟಗೆರೆ ರಸ್ತೆಯಲ್ಲಿ ಸ್ವಂತಕ್ಕೊಂದು ಮನೆ ಕಟ್ಟಿದ್ದರು. ಗೃಹಪ್ರವೇಶದ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಸಂಜೆ ಜಗಲಿಯ ಮೇಲೆ ಕಾಲು ಚಾಚಿ, ‘ಇದು ನನ್ನದು’ ಎಂದುಕೊಳ್ಳುವ ಸುಖ ಈಗಷ್ಟೇ ಶುರುವಾಗಿತ್ತು. ಅದನ್ನು ಬಿಟ್ಟು ಪಾವಗಡಕ್ಕೆ ಹೋಗುವುದೆಂದರೆ? ಅಲ್ಲಿಯ ಬಿಸಿಲನ್ನು ಸೋಲಾರ್ ಕಂಪನಿಯವರು ಕರೆಂಟು ಮಾಡಿ ಮಾರುತ್ತಾರೆ. ಮಾರಿ ಮಿಕ್ಕಿದ್ದರಲ್ಲಿ ಮನುಷ್ಯರು ಬದುಕಬೇಕು. ಮೇಲಾಗಿ ಬಂದ ಗಿರಾಕಿಗಳೆಲ್ಲ ತೆಲುಗು ಮಾತಾಡುತ್ತಾರೆ, ನಾಗಲಿಂಗಯ್ಯನವರಿಗೆ ಅದು ಒಂದಕ್ಷರ ಬರುವುದಿಲ್ಲ.

ಅಂಗಡಿಗೆ ಬಂದವರೇ ಕಂಪ್ಯೂಟರ್ ಮುಂದೆ ಕೂತಿದ್ದ ಅಶ್ವಿನಿಯನ್ನು ಹಿಡಿದರು. “ಏನಮ್ಮಾ, ಈ ಸೋ ಅಂದ್ರೆ ಏನು?”

“ಆದ್ದರಿಂದ ಅಂತ ಸಾರ್. ಮೊದ್ಲು ಕಾರಣ ಹೇಳಿ, ಸೋ ಅಂದು, ಆಮೇಲೆ ವಿಷಯ ಹೇಳ್ತಾರೆ. ಕೆಲವ್ರಿಗೆ ಸುಮ್ನೆ ಬಾಯಿಗೆ ಬರುತ್ತೆ, ಅರ್ಥ ಏನೂ ಇರಲ್ಲ.”

“ಯಜಮಾನರಿಗೆ ಸುಮ್ನೆ ಬರಲ್ಲಮ್ಮ. ಹೋದ ದೀಪಾವಳೀಲಿ ಏನಂದ್ರು? ಈ ಸಲ ವ್ಯಾಪಾರ ಕಮ್ಮಿ, ಸೋ ಬೋನಸ್ ಇಲ್ಲ. ಫ್ಯಾನ್ ಕೆಟ್ಟಾಗ? ಚಳಿಗಾಲ ಬರ್ತಾ ಐತೆ, ಸೋ ಆಮೇಲೆ ನೋಡಾಣ. ಒಳ್ಳೆ ಸುದ್ದಿ ಹೇಳೋಕೆ ಸೋ ಯಾಕಮ್ಮ ಬೇಕು? ನೆಟ್ಟಗೆ ಹೇಳಬೋದಲ್ವಾ?”

ಅಶ್ವಿನಿ ಯೋಚಿಸಿ, “ಅದೂ ನಿಜ ಸಾರ್” ಎಂದಳು. ಅವಳು ಅಲ್ಲ ಎನ್ನಲಿ ಎಂದೇ ನಾಗಲಿಂಗಯ್ಯ ಕೇಳಿದ್ದು.

ಗೋದಾಮಿನಿಂದ ಪೆದ್ದಣ್ಣ ತಲೆ ಹೊರಹಾಕಿದ. ಅವನು ಪಾವಗಡದ ಕಡೆಯವನು. “ಪರವಾಲೇದು ಸಾರ್. ನಮ್ಮ ಬಾಮೈದನ ಮನೆ ಮ್ಯಾಲೆ ಒಂದು ರೂಮೈತೆ. ಗಾಳಿ ಚೆಂದಾಗಿ ಬತ್ತೈತೆ. ಈಗ್ಲೇ ಒಂದು ಮಾತು ಹೇಳಿಕ್ಕಲಾ?”

ನಾಗಲಿಂಗಯ್ಯನವರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಇವನಿಗೆ ಯಾರು ಹೇಳಿದರು? ರೂಮು ಆಗಲೇ ಯಾಕೆ ಖಾಲಿ ಇದೆ? ಓಹೋ, ಇವನದೇ ಕೈವಾಡ ಎಂದುಕೊಂಡರು. ಮರುಗಳಿಗೆಗೆ ಅಶ್ವಿನಿ ಕಿಟಕಿಯ ಪಕ್ಕದ ತಮ್ಮ ಕುರ್ಚಿಯ ಕಡೆ ನೋಡಿದಂತಾಯಿತು. ಇವಳೂ ಇದರಲ್ಲಿದ್ದಾಳೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ, ಎದುರುಮನೆಯ ರೇಣುಕಯ್ಯ ಇವರ ನಡುಮನೆಯಲ್ಲೇ ನಿಂತಿದ್ದರು. ಜೊತೆಗೊಬ್ಬ ಅಪರಿಚಿತ, ಅವನ ಕೈಯಲ್ಲಿ ಟೇಪು. ಅವನು ಕಿಟಕಿ ಅಳೆಯುತ್ತಿದ್ದ.

“ಇವ್ರು ನಮ್ಮ ಷಡ್ಡಕ. ನೀವು ಪಾವಗಡಕ್ಕೆ ಹೋಯ್ತೀರಂತಲ್ಲ, ಮನೆ ಖಾಲಿ ಬುಟ್ರೆ ಇಲಿ ಸೇರ್ಕತಾವೆ. ಬಾಡಿಗೆಗೆ ಕೊಟ್ಬುಡಿ. ಪರದೆ ಅಳತೆ ತಗೊಂತಾವ್ರೆ ಅಷ್ಟೇ.”

“ನಾನು ಹೋಯ್ತೀನಿ ಅಂತ ಯಾರ್ರೀ ಹೇಳಿದ್ದು?”

ರೇಣುಕಯ್ಯ ಅಡುಗೆಮನೆಯ ಕಡೆ ನೋಡಿದರು. ಸಿದ್ದಗಂಗಮ್ಮ ಒಳಗಿಂದಲೇ, “ನಾನೇನ್ ಹೇಳ್ದೆ? ಪಾವಗಡದಲ್ಲಿ ಜನ ಇಲ್ಲ, ಸೋ ಅಂದ್ರಂತೆ ಅಂದೆ, ಅಷ್ಟೇ. ನಿಮ್ಮ ಪೆದ್ದಣ್ಣನಿಗೂ ಅಷ್ಟೇ ಅಂದಿದ್ದು” ಎಂದರು.

ಷಡ್ಡಕ ಟೇಪನ್ನು ಸುರುಳಿ ಸುತ್ತುತ್ತ, “ಗೋಡೆ ಬಣ್ಣ ಒಂದು ಬದ್ಲಾಯಿಸಿಕೊಡಿ ಸಾಮಿ” ಎಂದ. ನಾಗಲಿಂಗಯ್ಯ ಅರ್ಧ ಊಟಕ್ಕೆ ಎದ್ದು ಅಂಗಡಿಗೆ ನಡೆದರು.

ಇಡೀ ಮಧುಗಿರಿಯಲ್ಲಿ ಅವರಿಗೆ ಉಳಿದಿದ್ದ ನಂಬಿಕಸ್ತ ಒಬ್ಬನೇ, ಅಂಗಡಿಯ ಲೆಕ್ಕ ನೋಡುವ ಹಾಲೇಶ್. ಬೆಳಿಗ್ಗೆಯಿಂದ ಅವನೊಬ್ಬನೇ ಏನೂ ಕೇಳಿರಲಿಲ್ಲ, ಏನೂ ಅಳೆದಿರಲಿಲ್ಲ. ಇವರ ಮುಖ ನೋಡಿ ತಾನೇ ಟೀ ತಂದುಕೊಟ್ಟ.

“ಅಣ್ಣಾ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕಂತೀರಿ? ಸರ್ಕಾರದೋರು ಸ್ವಂತ ತಾಲ್ಲೂಕಿಗೆ ಯಾರನ್ನಾದ್ರೂ ಹಾಕ್ತಾರಾ? ಅಲ್ಲಿ ನೆಂಟ್ರು ಇಷ್ಟ್ರು ಅಂತ ಕೆಲ್ಸ ಕೆಡ್ತದೆ ಅಂತ ಹಾಕಲ್ಲ. ನಮ್ಮಲ್ಲೂ ಅಂಗೇ. ನಿಮ್ಮೂರು ಪಾವಗಡದ ಕಡೆ ಅಂದ್ಬುಡಿ. ಮುಗೀತು.”

“ನಮ್ಮೂರು ಇಲ್ಲೇ ಪುರವರ ಕಣಪ್ಪ.”

“ಅದು ದೊಡ್ಡ ಯಜಮಾನರಿಗೆ ಗೊತ್ತು. ಸಣ್ಣೋರಿಗೆ ಏನ್ ಗೊತ್ತು? ಹೇಳೋದಾದ್ರೆ ಜೋರಾಗಿ ಹೇಳಿ. ನಾಕು ಮಾತು ತೆಲುಗೂ ಸೇರ್ಸಿ. ಇಲ್ಲಾಂದ್ರೆ ಅನುಮಾನ ಪಡ್ತಾರೆ.”

ಅನುಮಾನದ ಸಂಗತಿ ನಾಗಲಿಂಗಯ್ಯನವರಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಗೋದಾಮಿಗೆ ಹೋಗಿ, ಬೇರೇನೋ ನೆಪ ಹೇಳಿ, ಪೆದ್ದಣ್ಣನಿಂದ ಒಂದು ಸಾಲು ತೆಲುಗು ಬಾಯಿಪಾಠ ಮಾಡಿಕೊಂಡರು. ಗೊಬ್ಬರದ ಮೂಟೆಗಳ ಹಿಂದೆ ನಿಂತು, ಕೆಮ್ಮಿ, ವಾಟ್ಸಾಪಿನಲ್ಲಿ ದನಿ ಕಳಿಸಿದರು.

“ಯಜಮಾನ್ರೇ, ಒಂದು ವಿಷಯ ಮುಚ್ಚಿಡಬಾರದು. ನಮ್ಮ ಮೂಲ ಪಾವಗಡ ತಾಲ್ಲೂಕು ಕ್ಯಾತಗಾನಚೆರ್ಲು. ಸೋಲಾರಿಗೆ ಜಮೀನು ಕೊಟ್ಟೋರೆಲ್ಲ ನಮ್ಮ ದಾಯಾದಿಗಳೇ. ಅಲ್ಲಿ ನಾನು ಕಾಲಿಟ್ರೆ ಇಡೀ ಊರು ಅಂಗಡಿ ಮುಂದೆ ಬಂದು ಕೂತ್ಕೊಂತದೆ. ತೆಲುಗು ನಮಗೆ ಅಮ್ಮನ ಹಾಲಿನ ಜೊತೆ ಬಂದಿದ್ದು. ಮಾದಿ ಪಾವಗಡೇ ಸಾರ್, ಅಕ್ಕಡ ಅಂದರೂ ಮನವಾಳ್ಳೇ.”

ಕೊನೆಯ ಸಾಲಿಗೆ ‘ನಮ್ಮದು ಪಾವಗಡವೇ, ಅಲ್ಲಿರೋರೆಲ್ಲ ನಮ್ಮೋರೇ’ ಎಂದರ್ಥವೆಂದು ಪೆದ್ದಣ್ಣ ಹೇಳಿದ್ದ. ಕಳಿಸಿದ ಮೇಲೆ ಅದನ್ನು ತಾವೇ ಇನ್ನೊಮ್ಮೆ ಕೇಳಿಕೊಂಡರು. ತಮ್ಮ ಬಾಯಿಂದ ಬಂದ ತೆಲುಗು ಕೇಳಿ ಅವರಿಗೇ ಖುಷಿಯಾಯಿತು. ಹಾಲೇಶ್ ಬೆನ್ನು ತಟ್ಟಿದ. ಎಂಥ ಹುಡುಗ ಎಂದುಕೊಂಡರು ನಾಗಲಿಂಗಯ್ಯ. ಸ್ವಂತ ತಮ್ಮನೂ ಇಷ್ಟು ಮಾಡುತ್ತಿರಲಿಲ್ಲ.

ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಗ ಫೋನು ಬಂತು. ಯಜಮಾನರ ದನಿಯಲ್ಲಿ ನಗು ಇತ್ತು.

“ನಾಗಲಿಂಗಯ್ಯನೋರೇ, ಬೆಳಿಗ್ಗೆ ಅರ್ಧಕ್ಕೇ ಕಟ್ಟಾಯ್ತು. ವಿಷಯ ಏನಂದ್ರೆ, ಹಾಲೇಶನ್ನ ಪಾವಗಡಕ್ಕೆ ಕಳಿಸಿ, ಮಧುಗಿರಿ ಅಂಗಡೀನ ಪೂರಾ ನಿಮ್ಮ ಕೈಗೇ ಕೊಡೋಣ ಅಂತಿದ್ದೆ. ನೀವು ಹಳಬರು ನೋಡಿ. ಅವನಿಗೆ ಮೊನ್ನೇನೇ ಹೇಳಿದ್ದೆ.”

ಮೊನ್ನೆಯೇ. ನಾಗಲಿಂಗಯ್ಯನವರಿಗೆ ಹಾಲೇಶನ ಟೀ ನೆನಪಾಯಿತು. ಬೆನ್ನು ತಟ್ಟಿದ ಕೈ ನೆನಪಾಯಿತು. ದಿನವೆಲ್ಲ ಕಂಡಕಂಡವರನ್ನು ಅನುಮಾನಿಸಿ, ಅನುಮಾನ ಪಡಬೇಕಾದವನೊಬ್ಬನ ಮೇಲೆ ಮಾತ್ರ ಪಟ್ಟಿರಲಿಲ್ಲ.

“ಆದ್ರೆ ಅವನಿಗೆ ತೆಲುಗು ಬರಲ್ಲ, ಅಲ್ಲಿ ಗುರುತಿನೋರೂ ಯಾರಿಲ್ಲ. ಗಿರಾಕಿಗಳು ಓಡಿಹೋಗ್ತಾರಲ್ಲ ಅಂತ ನನಗೆ ಒಂದೇ ಚಿಂತೆ ಇತ್ತು. ಅಷ್ಟರಲ್ಲಿ ನಿಮ್ಮ ಮೆಸೇಜ್ ಬಂತು. ಇಷ್ಟು ವರ್ಷ ಒಂದು ಮಾತೂ ಹೇಳಿಲ್ವಲ್ರೀ. ಎಷ್ಟು ಚೆನ್ನಾಗಿದೆ ನಿಮ್ಮ ತೆಲುಗು. ಸೋ...”

ನಾಗಲಿಂಗಯ್ಯ ಜಗಲಿಯಿಂದ ನೆಗೆದರು. ಫೋನು ಕಿವಿಯಲ್ಲಿ ಹಾಗೆಯೇ ಇತ್ತು. ನಡುಮನೆ ದಾಟಿ, ಅಡುಗೆಮನೆಗೆ ನುಗ್ಗಿ, ಒಲೆಯ ಪಕ್ಕದ ಮೂಲೆಗೆ ಹೋಗಿ ಗೋಡೆಗೆ ಒರಗಿ ನಿಂತರು. ಕಟ್ಟಾಗು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಅವತ್ತು ಅದೇನಾಗಿತ್ತೋ, ಯಜಮಾನರು ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ವಚ್ಛವಾಗಿ ಕೇಳಿಸಿತು.

ಸಿದ್ದಗಂಗಮ್ಮ ಸೌಟು ಹಿಡಿದು ತಿರುಗಿದರು. “ಏನಂದ್ರು?”

ನಾಗಲಿಂಗಯ್ಯ ಫೋನನ್ನು ಜೇಬಿಗೆ ಹಾಕಿಕೊಂಡರು.

“ಈ ಸಲ ಪೂರ್ತಿ ಅಂದ್ರು ಕಣೇ. ರೇಣುಕಯ್ಯನ ಷಡ್ಡಕನಿಗೆ ಯಾವ ಬಣ್ಣ ಬೇಕಂತೆ ಕೇಳು.”