ಕ್ಯಾಬಿನೆಟ್ ಆರಿಸಿದ ಪರಾಕ್ರಮ

ನಮ್ಮ ಮನೆಯಲ್ಲಿ ನನ್ನ ಅಭಿಪ್ರಾಯಕ್ಕೆ ಇರುವ ಬೆಲೆ ಕೊತ್ತಂಬರಿ ಸೊಪ್ಪಿನದು. ಇದ್ದರೆ ಮೇಲಿನಿಂದ ಉದುರಿಸುತ್ತಾರೆ, ಇಲ್ಲದಿದ್ದರೂ ಸಾರು ನಿಲ್ಲುವುದಿಲ್ಲ. ಹಾಗಿರುವಾಗ ಮೂರು ತಿಂಗಳ ಹಿಂದೆ ನನ್ನ ಹೆಂಡತಿ ಫರ್ಝಾನಾ, "ನೀವು ಹೇಗೂ ಪುತ್ತೂರು ಪೇಟೆಯಲ್ಲೇ ಇರ್ತೀರಿ. ಹೊಸ ಕಂಪ್ಯೂಟರಿಗೆ ಕ್ಯಾಬಿನೆಟ್ ಒಂದು ನೀವೇ ನೋಡಿ ತನ್ನಿ" ಎಂದಾಗ ನಾನು ಹಿಂದೆ ತಿರುಗಿ ನೋಡಿದೆ. ಅವಳ ತಮ್ಮ ಜಾಸಿರ್ ಬಂದು ನಿಂತಿರಬೇಕು ಅಂದುಕೊಂಡೆ. ಯಾರೂ ಇರಲಿಲ್ಲ. ಹೇಳಿದ್ದು ನನಗೇ.

(ಕ್ಯಾಬಿನೆಟ್ ಎಂದರೆ ಮಂತ್ರಿಗಳದ್ದಲ್ಲ. ಕಂಪ್ಯೂಟರಿನ ಮಿದುಳು, ಗುಂಡಿಗೆ, ಕರುಳುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಳ್ಳುವ ಪೆಟ್ಟಿಗೆ. ಎರಡಕ್ಕೂ ದೊಡ್ಡ ಶತ್ರು ಒಳಗಿನ ಬಿಸಿ ಎಂಬುದು ಮಾತ್ರ ನಿಜ.)

ಫರ್ಝಾನಾ ಮದುವೆಯ ಆಲ್ಬಂ, ವಿಡಿಯೊ ಮಾಡುವವಳು. ನಮ್ಮ ಬ್ಯಾರಿ ಮನೆಗಳಲ್ಲಿ ಎಷ್ಟೋ ಮಂದಿಗೆ ಹೆಂಗಸರ ಕಡೆಯ ಫೋಟೋಗಳನ್ನು ಹೊರಗಿನ ಸ್ಟುಡಿಯೊಗೆ ಕೊಡುವುದು ಇಷ್ಟವಿಲ್ಲ. ಹಾಗಾಗಿ ಬೆಟ್ಟಂಪಾಡಿಯಿಂದ ಕಡಬದವರೆಗಿನ ಮದುವಣಗಿತ್ತಿಯರೆಲ್ಲ ನರಿಮೊಗರಿನ ನಮ್ಮ ಮನೆಯ ಹಿಂಬದಿ ಕೋಣೆಯ ಪರದೆಯ ಮೇಲೆ ಇನ್ನೊಮ್ಮೆ ಸಿಂಗಾರಗೊಳ್ಳುತ್ತಾರೆ. ಆದರೆ ಅವಳ ಹಳೆಯ ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ವಿಡಿಯೊ ಅರ್ಧವಾಗುವಷ್ಟರಲ್ಲಿ ಕಾದು ಕೆಂಡವಾಗಿ ತಾನೇ ಆರಿಹೋಗುತ್ತಿತ್ತು. "ಅದರ ಮೇಲೆ ಹಪ್ಪಳ ಸುಡ್ಲಿಕ್ಕೆ ಆಗ್ತದೆ" ಎಂದು ನನ್ನನ್ನು ಹೆತ್ತ ಉಮ್ಮ ಆಸ್ಯಮ್ಮ ಹೇಳುವುದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ.

ಆಗ ಕೈಯಲ್ಲಿದ್ದದ್ದು ಬೆಟ್ಟಂಪಾಡಿಯ ಆಯಿಶತ್ ಶಿಫಾಳ ಮದುವೆ. ಹುಡುಗಿ ಸೋಮವಾರ ಗಂಡನ ಜೊತೆ ಸೌದಿಯ ದಮಾಮಿಗೆ ಹಾರುವವಳು. ಮದುವೆಯ ದಿನ ಮಂಚದಿಂದ ಏಳಲಾಗದೆ ಉಳಿದ ಅವಳ ಅಜ್ಜಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವಿಡಿಯೊ ನೋಡದೆ ಅವಳನ್ನು ಕಳಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಹಳೆಯ ಕಂಪ್ಯೂಟರ್ ಐದು ಸಲ ಅದನ್ನು ಅರ್ಧಕ್ಕೆ ನುಂಗಿತು. ಐದನೆಯ ಸಲ ಫರ್ಝಾನಾ ಅಡುಗೆಮನೆಯ ಗೋಡೆ ನೋಡುತ್ತ ಕುಳಿತಳು. ಬೈಯದ ಹೆಂಡತಿಯನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೊಸದಕ್ಕೆ ಬೇಕಾದ ಬಿಡಿಭಾಗಗಳ ಪಟ್ಟಿ ಕೊಟ್ಟವನು ಜಾಸಿರ್. ದುಬೈಯಿಂದ ರಜೆಯಲ್ಲಿ ಬಂದವನು, ಕಂಪ್ಯೂಟರ್ ವಿಷಯದಲ್ಲಿ ಮನೆತನಕ್ಕೇ ಮುಫ್ತಿ, ಅವನು ಹೇಳಿದ್ದೇ ಕೊನೆಯ ತೀರ್ಪು. ಭಾಗಗಳೆಲ್ಲ ಪೇಟೆಯ ಕುಕ್ಕಪ್ಪಣ್ಣನ ಕಂಪ್ಯೂಟರ್ ಅಂಗಡಿಗೆ ಬಂದು ಕೂತಿದ್ದವು. ಬಾಕಿ ಇದ್ದದ್ದು ಪೆಟ್ಟಿಗೆ ಮಾತ್ರ. ಗುರುವಾರ ನಾನು ಅಲ್ಲಿಗೆ ಹೋದರೆ ಜಾಸಿರ್ ಆಗಲೇ ಹಾಜರು. ಅಕ್ಕನೇ ಕಾವಲಿಗೆ ಕಳಿಸಿದ್ದಳಂತೆ.

"ಭಾವ, ನೀವು ಸುಮ್ಮನೆ ಹೊತ್ತುಕೊಂಡು ಹೋದ್ರೆ ಸಾಕು. ನಾನು ಆರಿಸಿ ಆಯ್ತು" ಎಂದು ಅವನು ತೋರಿಸಿದ್ದು ಮೂರು ಬದಿಗೂ ಗಾಜಿನ, ಒಳಗೆ ಏಳು ಬಣ್ಣದ ದೀಪ ಕುಣಿಯುವ ಒಂದು ಮಾಯಾಮಂದಿರ. ಮೀನೊಂದು ಇಲ್ಲ ಎನ್ನುವುದು ಬಿಟ್ಟರೆ ಕೊರತೆ ಏನೂ ಇರಲಿಲ್ಲ.

ನನಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ ಪುತ್ತೂರಿನಲ್ಲಿ ಚಪ್ಪಲಿ ಅಂಗಡಿ ಇಟ್ಟವನಿಗೆ, ಒಂದು ವಸ್ತು ಇನ್ನೊಂದರ ಒಳಗೆ ಹೋಗುತ್ತದೋ ಇಲ್ಲವೋ ಎಂಬ ವಿದ್ಯೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಭ್ಯಾಸಬಲದಿಂದ ಆ ಪೆಟ್ಟಿಗೆಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದೆ. ತಗಡು ಟೊಂಯ್ ಎಂದು ಒಳಗೆ ಹೋಗಿ ಹೊರಗೆ ಬಂತು.

"ಇದಕ್ಕೆ ಗಾಳಿ ಎಲ್ಲಿಂದ ಒಳಗೆ ಹೋಗುದು?" ಎಂದೆ.

"ಸೈಡಿನಲ್ಲಿ ಉಂಟಲ್ಲ ಭಾವ, ಸಣ್ಣ ಸಂದು."

"ಮುಂದೆ ಪೂರ್ತಿ ಗಾಜು. ಮಳೆಗಾಲದಲ್ಲಿ ಮುಚ್ಚಿದ ಶೂ ಹಾಕಿದವನ ಕಾಲು ಏನಾಗ್ತದೆ ಗೊತ್ತುಂಟಾ ನಿನಗೆ?"

"ಭಾವ, ಇದು ಕಾಲಲ್ಲ."

"ಸರಿ. ಇದರ ಒಳಗೆ ಹೋಗುವ ಅತಿ ಉದ್ದದ ಸಾಮಾನು ಯಾವುದು? ತೋರಿಸಿ ಕುಕ್ಕಪ್ಪಣ್ಣ."

ಕುಕ್ಕಪ್ಪಣ್ಣ ಗ್ರಾಫಿಕ್ಸ್ ಕಾರ್ಡ್ ತಂದಿಟ್ಟರು. ಚಿತ್ರಗಳ ಭಾರವೆಲ್ಲ ಹೊರುವುದು ಅದೇ ಅಂತೆ. ಒಳ್ಳೆ ಇಟ್ಟಿಗೆಯಂತಿತ್ತು. ನಾನು ಜೇಬಿನಿಂದ ಅಳತೆ ಪಟ್ಟಿ ತೆಗೆದೆ. ಕಾರ್ಡು ಮೂವತ್ತಮೂರು ಸೆಂಟಿಮೀಟರ್. ಗಾಜಿನ ಮಂದಿರದ ಒಳಗಿನ ಜಾಗ ಮೂವತ್ತೊಂದು.

ಜಾಸಿರ್ ಬಗ್ಗಿ ಅಳತೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದ.

"ಅಡ್ಜಸ್ಟ್ ಆಗ್ತದೆ" ಎಂದ ಜಾಸಿರ್, ಮೆಲ್ಲಗೆ.

"ಒಂಬತ್ತನೇ ನಂಬರಿನ ಕಾಲನ್ನು ಎಂಟನೇ ನಂಬರಿಗೆ ಅಡ್ಜಸ್ಟ್ ಮಾಡಿದವರು ಮರುದಿನ ನನ್ನ ಅಂಗಡಿಗೆ ಕುಂಟಿಕೊಂಡು ಬರ್ತಾರೆ ಮಾರಾಯ."

"ಅವರು ಹೇಳುದು ಸರಿ" ಎಂದರು ಕುಕ್ಕಪ್ಪಣ್ಣ. ನನ್ನ ಮದುವೆಯಾದಂದಿನಿಂದ ಆ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು. ಇನ್ನೊಮ್ಮೆ ಹೇಳಲು ಕೇಳೋಣವೇ ಎನಿಸಿತು.

ನಾನು ಆರಿಸಿದ್ದು ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆ. ಮುಂದೆ ಪೂರ್ತಿ ಸಣ್ಣ ಜಾಲರಿ, ಅದರ ಹಿಂದೆ ಅಂಗೈಗಿಂತ ದೊಡ್ಡ ಮೂರು ಫ್ಯಾನು. ದಪ್ಪ ತಗಡು, ಒತ್ತಿದರೆ ನನ್ನ ಬೆರಳೇ ಸೋತಿತು. ಅಂಚುಗಳನ್ನು ಮಡಚಿ ನುಣುಪು ಮಾಡಿದ್ದರಿಂದ ಒಳಗೆ ಕೈ ಹಾಕಿದರೆ ಗೀರುವ ಭಯವಿಲ್ಲ. ವಯರುಗಳನ್ನು ಅಡಗಿಸಲು ಹಿಂದೆ ಬೇರೆ ಜಾಗ. ಧೂಳು ತಡೆಯಲು ಮೇಲೆ, ಕೆಳಗೆ, ಮುಂದೆ ಒಂದೊಂದು ಬಲೆ. ಎಳೆದು ತೆಗೆದು ನೀರಿನಲ್ಲಿ ತೊಳೆಯಬಹುದು. ಕಾರ್ಡು ಹೋಗಿಯೂ ಎರಡು ಬೆರಳು ಜಾಗ ಮಿಗುತ್ತಿತ್ತು. ಚೆಂದ ಮಾತ್ರ ಸ್ವಲ್ಪವೂ ಇರಲಿಲ್ಲ.

ಆಟೋದಿಂದ ಇಳಿಸುವಾಗ ಫರ್ಝಾನಾ ಬಾಗಿಲಲ್ಲೇ ನಿಂತಿದ್ದಳು.

"ಇದೆಂತ, ಅಕ್ಕಿ ಡಬ್ಬವಾ?"

"ಗಾಳಿ ಉಂಟು ಇದರಲ್ಲಿ. ಜಾಗ ಉಂಟು. ಬಲೆ ತೊಳೀಲಿಕ್ಕೂ ಆಗ್ತದೆ."

"ಜಾಸಿರ್ ಹೇಳಿದ್ದು ಗಾಜಿನದ್ದಲ್ವಾ? ಎಲ್ಲರ ಮನೆಯಲ್ಲಿ ಲೈಟು ಉರೀತದೆ, ನಮ್ಮದು ಮಾತ್ರ ಗೋದಾಮಿನ ಹಾಗೆ."

ಆ ರಾತ್ರಿಯ ಊಟದಲ್ಲಿ ನನ್ನ ಪಾಲಿನ ಮೀನಿಗೆ ತಲೆ ಮಾತ್ರ ಇತ್ತು.

ಶುಕ್ರವಾರ ಜುಮಾ ನಮಾಜು ಮುಗಿಸಿ ಬರುವಾಗ ಕುಕ್ಕಪ್ಪಣ್ಣ ನಮ್ಮ ಚಾವಡಿಯಲ್ಲಿ ಎಲ್ಲವನ್ನೂ ಹರಡಿಕೊಂಡು ಕೂತಿದ್ದರು. ಕಾರ್ಡು ಹಳೆಯ ಚಪ್ಪಲಿಗೆ ಕಾಲು ತೂರಿದ ಹಾಗೆ ಒಳಗೆ ಹೋಯಿತು. ನಾನು ಜಾಸಿರ್‌ನ ಮುಖ ನೋಡಲಿಲ್ಲ. (ನೋಡಿದೆ. ಎರಡು ಸಲ.) ಮೂರು ಗಂಟೆಗೆ ಫರ್ಝಾನಾ ಶಿಫಾಳ ವಿಡಿಯೊ ತಯಾರಾಗಲು ಹಾಕಿದಳು. ಹಳೆಯದು ಆರಿಹೋಗುತ್ತಿದ್ದ ಹೊತ್ತು ಬಂತು. ಅವಳು ಕುರ್ಚಿಯ ಅಂಚಿಗೆ ಸರಿದಳು. ಆ ಹೊತ್ತು ದಾಟಿತು. ಅರ್ಧವಾಯಿತು, ಮುಕ್ಕಾಲಾಯಿತು. ಉಮ್ಮ ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

"ತಣ್ಣಗೆ ಉಂಟು" ಎಂದರು. "ಇನ್ನು ಹಪ್ಪಳಕ್ಕೆ ಒಲೆಯೇ ಗತಿ."

ಐದು ಮುಕ್ಕಾಲಿಗೆ ವಿಡಿಯೊ ಪೂರ್ತಿಯಾಯಿತು. ಫರ್ಝಾನಾ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ರಾತ್ರಿ ಪತ್ತಿರ್ ರೊಟ್ಟಿಯ ಜೊತೆ ಕೋಳಿಯ ಎರಡು ಕಾಲೂ ನನ್ನ ಬಟ್ಟಲಿಗೆ ಬಂದವು. ಜಾಸಿರ್ ಬಟಾಟೆ ತಿಂದ.

ಭಾನುವಾರ ಬೆಟ್ಟಂಪಾಡಿಯಲ್ಲಿ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಇಡೀ ವಿಡಿಯೊ ನೋಡಿದರಂತೆ. ಮುಗಿದ ಮೇಲೆ, "ಇನ್ನೊಮ್ಮೆ ಹಾಕಿ" ಎಂದರಂತೆ. ಅದನ್ನು ಫರ್ಝಾನಾ ನನಗೆ ಎರಡು ಸಲ ಹೇಳಿದಳು. ನಾನು ಕಪ್ಪು ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ಅಂಗಡಿಗೆ ಹೋದೆ. ಪುತ್ತೂರಿನ ಬಸ್ಸುಗಳೆಲ್ಲ ಆ ದಿನ ನನಗೇ ಹಾರ್ನ್ ಹೊಡೆದಂತೆ ಕೇಳಿಸಿತು.

ತಿಂಗಳು ಕಳೆಯಿತು. ಒಂದು ಆದಿತ್ಯವಾರ ಫರ್ಝಾನಾ ಬೆಕ್ಕಿನ ತುಪ್ಪಳದಷ್ಟು ಧೂಳು ಹಿಡಿದ ಬಲೆಯನ್ನು ನನ್ನ ಮುಂದೆ ಹಿಡಿದಳು.

"ತೊಳೀಲಿಕ್ಕೆ ಆಗ್ತದೆ ಅಂತ ಹೇಳಿದ್ದು ಯಾರು?"

ತೊಳೆದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ, ಒಂದೊಂದು ತೂತನ್ನೂ. ನನ್ನ ಆಯ್ಕೆಯ ಗೌರವದ ಪ್ರಶ್ನೆ. ಅದನ್ನು ನೋಡುತ್ತ ನಿಂತ ಉಮ್ಮ, "ಇವನ ಕೈ ಇಷ್ಟು ಚೊಕ್ಕ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದು ಚಾವಡಿಯ ಫ್ಯಾನಿನತ್ತ ಕಣ್ಣು ಹೊರಳಿಸಿದರು. ಮರುವಾರ ಫ್ಯಾನು. ಅದರ ಮರುವಾರ ಕಿಟಕಿಯ ಸೊಳ್ಳೆಬಲೆ.

ಹೋದ ವಾರ ನೆರೆಮನೆಯ ಝುಲೈಖಾಳ ಮಗಳ ನಿಶ್ಚಯ. ನಾನು ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದೆ. ಒಳಗೆ ಹೆಂಗಸರ ನಡುವೆ ಫರ್ಝಾನಾಳ ಸ್ವರ ಸ್ಪಷ್ಟವಾಗಿ ಕೇಳಿತು.

"ಕ್ಯಾಬಿನೆಟ್ ಇವರೇ ಆರಿಸಿದ್ದು. ಜಾಸಿರ್‌ಗೆ ಸಹ ಗೊತ್ತಾಗ್ಲಿಲ್ಲ. ಇವರಿಲ್ಲದಿದ್ರೆ ನನ್ನ ಕೆಲಸ ಅವತ್ತೇ ನಿಲ್ತಿತ್ತು."

ನಾನು ಕುರ್ಚಿ ಹಿಡಿದುಕೊಂಡೇ ನಿಂತೆ. ಮದುವೆಯಾಗಿ ಹದಿನೆಂಟು ವರ್ಷ. ಇಪ್ಪತ್ತು ಜನರೆದುರು, ಹೆಸರು ಹಿಡಿಯದೆಯೇ ಆದರೂ, ಅದು ನಾನೇ.

"ತೊಳೆಯುದು ಸಹ ಅವರೇ ಅಂತಲ್ಲ?" ಝುಲೈಖಾ ಕೇಳಿದಳು.

"ಹೌದು. ಫ್ಯಾನಿನ ರೆಕ್ಕೆ ಸಹ ಕನ್ನಡಿಯ ಹಾಗೆ ಮಾಡ್ತಾರೆ."

"ನಮ್ಮಲ್ಲಿ ಆರು ಫ್ಯಾನ್ ಉಂಟು ಮಾರಾಯ್ತಿ."

"ಅದಕ್ಕೆಂತ, ಆದಿತ್ಯವಾರ ಬೆಳಿಗ್ಗೆ ಕಳಿಸ್ತೇನೆ" ಎಂದಳು ನನ್ನ ಹೆಂಡತಿ. "ಏಣಿ ನೀವು ಕೊಟ್ರೆ ಸಾಕು, ಬ್ರಶ್ ಅವರೇ ತರ್ತಾರೆ."